ಬಿಂದುಗಳು ಹೆಚ್ಚಿದರೆ ಚಿತ್ರವು ಉತ್ತಮವಾಗುವುದೆ?

ಟೆಲಿವಿಷನ್ ಮಾರುವ ಅಂಗಡಿಗೆ ಹೋದವರ ಕಣ್ಣಿಗೆ ಚಿತ್ರಕ್ಕಿಂತ ಮೊದಲು ಬೀಳುವುದು ಚೀಟಿಗಳು. ಒಂದು ಪೆಟ್ಟಿಗೆಯ ಮೇಲೆ ಎಚ್‌ಡಿ ಎಂದೂ ಇನ್ನೊಂದರ ಮೇಲೆ 4ಕೆ ಎಂದೂ ಮತ್ತೊಂದರ ಮೇಲೆ 8ಕೆ ಎಂದೂ ಬರೆದಿರುವುದು. ಅಂಕೆಯು ಏರಿದಂತೆ ಬೆಲೆಯೂ ಏರುವುದು. ಚಿತ್ರದ ಗುಣವೂ ಅದೇ ಪ್ರಮಾಣದಲ್ಲಿ ಏರಲೇಬೇಕೆಂದು ಕೊಳ್ಳುವವರು ಎಣಿಸುವುದು ಸಹಜ. ಆದರೆ ಚಿತ್ರವನ್ನು ನೋಡತಕ್ಕದ್ದು ಮನುಷ್ಯನ ಕಣ್ಣು; ಅದಕ್ಕೆ ತನ್ನದೇ ಆದ ಕೆಲವು ನಿಯಮಗಳುಂಟು. ಆ ನಿಯಮಗಳನ್ನು ತಿಳಿಯದೆ ಚೀಟಿಯ ಅಂಕೆಯನ್ನೇ ನಂಬಿದರೆ, ಕಣ್ಣಿಗೆ ಕಾಣದ ಗುಣಕ್ಕೆ ಹಣ ತೆತ್ತಂತಾಗಬಹುದು. ಎಚ್‌ಡಿ ಚಿತ್ರವನ್ನು ಇನ್ನೂ ಉತ್ತಮಗೊಳಿಸಲು ಇರುವ ಮಾರ್ಗಗಳು ಯಾವುವು, ಅವುಗಳಲ್ಲಿ ಯಾವುದರಿಂದ ಎಷ್ಟು ಪ್ರಯೋಜನ, ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಚಲಿಸುವ ಚಿತ್ರದ ಘಟಕಗಳು

ತೆರೆಯ ಮೇಲಿನ ಚಿತ್ರವು ಸಣ್ಣ ಸಣ್ಣ ಬಿಂದುಗಳಿಂದ ರಚಿತವಾದುದು. ಒಂದೊಂದು ಬಿಂದುವಿಗೂ ಪಿಕ್ಸೆಲ್ ಎಂದು ಹೆಸರು. ಎಚ್‌ಡಿ ಚಿತ್ರದಲ್ಲಿ ಅಡ್ಡ ಸಾಲಿಗೆ 1920 ಬಿಂದುಗಳಂತೆ 1080 ಸಾಲುಗಳಿರುವುವು. ಒಟ್ಟು 20,73,600 ಬಿಂದುಗಳು. ಇಂತಹ ಬಿಡಿಚಿತ್ರಗಳನ್ನು ಸೆಕೆಂಡಿಗೆ 50 ಅಥವಾ 60ರಂತೆ ಒಂದಾದ ಮೇಲೊಂದು ತೋರಿಸಿದಾಗ ಕಣ್ಣಿಗೆ ಅಖಂಡವಾದ ಚಲನೆಯು ಕಾಣುವುದು.

ಆದರೆ ಬಿಂದುಗಳ ಎಣಿಕೆಯಿಂದ ಮಾತ್ರ ಚಿತ್ರವು ನಿರ್ಧಾರವಾಗದು. ಒಂದು ಬಿಂದುವು ಎಷ್ಟು ಪ್ರಕಾಶವಾಗಬಲ್ಲುದು, ಎಷ್ಟು ಕಪ್ಪಾಗಬಲ್ಲುದು, ಈ ಎರಡು ಎಲ್ಲೆಗಳ ನಡುವೆ ಎಷ್ಟು ಮೆಟ್ಟಿಲುಗಳಿವೆ, ಅದು ಯಾವ ಯಾವ ಬಣ್ಣಗಳನ್ನು ತಳೆಯಬಲ್ಲುದು, ಸೆಕೆಂಡಿಗೆ ಎಷ್ಟು ಸಲ ಬದಲಾಗುವುದು ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯವಾದವು. ಎಚ್‌ಡಿ ಚಿತ್ರದ ಕಟ್ಟುಪಾಡುಗಳನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1990ರಲ್ಲಿ ಮೊದಲು ಅಂಗೀಕರಿಸಿದ ಬಿಟಿ 709 ಎಂಬ ಶಿಫಾರಸಿನಲ್ಲಿ ಕಾಣಬಹುದು. ಆಗ ಮನೆಮನೆಯಲ್ಲಿದ್ದುದು ಗಾಜಿನ ಬುರುಡೆಯೊಳಗೆ ಎಲೆಕ್ಟ್ರಾನ್ ಕಿರಣವನ್ನು ಹಾಯಿಸಿ ಚಿತ್ರ ಮೂಡಿಸುತ್ತಿದ್ದ ಪೆಟ್ಟಿಗೆ. ಅದರ ಬೆಳಕು, ಬಣ್ಣಗಳಿಗೆ ಇದ್ದ ಮಿತಿಗಳೇ ಬಹುಮಟ್ಟಿಗೆ ಎಚ್‌ಡಿ ಚಿತ್ರದ ಮಿತಿಗಳೂ ಆದವು. ಇಂದು ಆ ಬುರುಡೆಯು ಬಳಕೆಯಿಂದ ಹೋಗಿದೆ. ಅದರ ಮಿತಿಗಳು ಉಳಿದಿವೆ. ಅವುಗಳನ್ನು ದಾಟುವ ಪ್ರಯತ್ನಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಮಾರ್ಗ: ಬಿಂದುಗಳ ಎಣಿಕೆ

4ಕೆ ಎಂಬ ಹೆಸರಿನಿಂದ ಮನೆಗಳಿಗೆ ಬಂದಿರುವ ಚಿತ್ರದಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು 82,94,400 ಬಿಂದುಗಳು, ಎಚ್‌ಡಿಯ ನಾಲ್ಕರಷ್ಟು. 8ಕೆ ಚಿತ್ರದಲ್ಲಿ 7680ಕ್ಕೆ 4320ರಂತೆ ಒಟ್ಟು 3,31,77,600 ಬಿಂದುಗಳು, ಎಚ್‌ಡಿಯ ಹದಿನಾರರಷ್ಟು. ಜಪಾನಿನ ಸಾರ್ವಜನಿಕ ಪ್ರಸಾರಸಂಸ್ಥೆಯಾದ ಎನ್‌ಎಚ್‌ಕೆಯು 8ಕೆ ಚಿತ್ರವನ್ನು ಹಲವು ವರ್ಷಗಳ ಸಂಶೋಧನೆಯಿಂದ ರೂಪಿಸಿ, 2018ರ ಡಿಸೆಂಬರ್ 1ರಂದು ಉಪಗ್ರಹದ ಮೂಲಕ ಅದರ ಪ್ರಸಾರವನ್ನು ಆರಂಭಿಸಿತು.

ಈ ಬಿಂದುಗಳೆಲ್ಲವೂ ಕಣ್ಣಿಗೆ ಕಾಣುವುವೆ? ಕಣ್ಣಿನ ವೈದ್ಯರ ಕೊಠಡಿಯಲ್ಲಿ ತೂಗುಹಾಕಿರುವ ಅಕ್ಷರಪಟವನ್ನು ವಾಚಕರು ನೋಡಿರಬಹುದು. ಹಾಲೆಂಡಿನ ನೇತ್ರವೈದ್ಯ ಹರ್ಮನ್ ಸ್ನೆಲೆನ್ನನು 1862ರಲ್ಲಿ ಇದನ್ನು ರಚಿಸಿದನು. ಒಂದು ಡಿಗ್ರಿ ಕೋನವನ್ನು ಅರುವತ್ತು ಸಮಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ಮಿನಿಟು ಎಂದು ಹೆಸರು. ಸ್ನೆಲೆನ್ನನ ಪಟದಲ್ಲಿ 6/6 ಎಂಬ ಸಾಲಿನ ಅಕ್ಷರಗಳ ಗೆರೆಗಳು ಆರು ಮೀಟರ್ ದೂರದಲ್ಲಿ ನಿಂತವರ ಕಣ್ಣಿನಲ್ಲಿ ಸರಿಯಾಗಿ ಒಂದು ಮಿನಿಟಿನ ಕೋನವನ್ನು ಉಂಟುಮಾಡುವುವು. ಈ ಸಾಲನ್ನು ಓದಬಲ್ಲವರ ದೃಷ್ಟಿಯನ್ನು ಸಾಮಾನ್ಯ ದೃಷ್ಟಿ ಎನ್ನುವರು. ಕೆಲವು ತರುಣರ ಕಣ್ಣು ಇದಕ್ಕಿಂತ ಚುರುಕಾಗಿರುವುದುಂಟು. ಆದರೂ ಒಂದು ಮಿನಿಟೆಂಬುದು ಲೆಕ್ಕಕ್ಕೆ ಯೋಗ್ಯವಾದ ಅಳತೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಿಳಿಯ ಕಾಗದದ ಮೇಲೆ ಒಂದು ಮಿಲಿಮೀಟರ್ ದಪ್ಪದ ಕಪ್ಪು ಗೆರೆಗಳನ್ನು ಒಂದೊಂದು ಮಿಲಿಮೀಟರ್ ಅಂತರ ಬಿಟ್ಟು ಎಳೆದು, ಬೆಳಕು ಚೆನ್ನಾಗಿರುವ ಗೋಡೆಗೆ ಅಂಟಿಸಿ, ಹಿಂದಕ್ಕೆ ಸರಿಯುತ್ತ ಹೋಗಿರಿ. ಸುಮಾರು ಮೂರೂವರೆ ಮೀಟರ್ ದಾಟುವ ಹೊತ್ತಿಗೆ ಗೆರೆಗಳು ಒಂದರಲ್ಲೊಂದು ಬೆರೆತು ಬೂದುಬಣ್ಣದ ಚೌಕವಾಗಿ ಕಾಣುವುವು. ಒಂದು ಮಿಲಿಮೀಟರ್ ಉದ್ದವು ಒಂದು ಮಿನಿಟಿನ ಕೋನವನ್ನು ಉಂಟುಮಾಡುವುದು 3.44 ಮೀಟರ್ ದೂರದಲ್ಲಿ.

ಈಗ ತೆರೆಗೆ ಬರೋಣ. ಅದರ ಎತ್ತರದಲ್ಲಿ 1080 ಸಾಲುಗಳಿದ್ದರೆ, ಒಂದು ಸಾಲು ಒಂದು ಮಿನಿಟಿಗೆ ಸಮನಾಗುವುದು ತೆರೆಯ ಎತ್ತರದ ಸುಮಾರು 3.2ರಷ್ಟು ದೂರದಲ್ಲಿ. 43 ಅಂಗುಲದ ಪೆಟ್ಟಿಗೆಯ ತೆರೆಯು ಸುಮಾರು 53.5 ಸೆಂಟಿಮೀಟರ್ ಎತ್ತರವಿರುವುದು. ಆದುದರಿಂದ ಆ ದೂರವು 1.7 ಮೀಟರ್. ಅದಕ್ಕಿಂತ ಹಿಂದೆ ಕುಳಿತವರಿಗೆ ಎಚ್‌ಡಿಯ ಬಿಂದುಗಳೇ ಬಿಡಿಯಾಗಿ ಕಾಣವು. ಕಾಣದ ಬಿಂದುವನ್ನು ನಾಲ್ಕಾಗಿ ಸೀಳಿದರೆ ಕಾಣುವುದಾದರೂ ಏನು? ಎರಡೂವರೆ ಮೀಟರ್ ದೂರದಲ್ಲಿ ಕುಳಿತು ನೋಡುವ ಮನೆಯಲ್ಲಿ, ತೆರೆಯ ಕರ್ಣವು ಸುಮಾರು 63 ಅಂಗುಲವನ್ನು ಮೀರಿದ ಮೇಲೆ 4ಕೆಯ ಪ್ರಯೋಜನವು ಆರಂಭವಾಗುವುದು. 8ಕೆಯ ಪ್ರಯೋಜನವು ಅಲ್ಲಿ ಆರಂಭವಾಗುವುದು ಸುಮಾರು 126 ಅಂಗುಲದ ಮೇಲೆ, ಎಂದರೆ ತೆರೆಯ ಎತ್ತರವು ಒಂದೂವರೆ ಮೀಟರನ್ನು ದಾಟಿದಾಗ.

ಹೀಗೆಂದ ಮಾತ್ರಕ್ಕೆ ಹೆಚ್ಚು ಬಿಂದುಗಳು ವ್ಯರ್ಥವೆಂದು ತಿಳಿಯಬಾರದು. ಚಿತ್ರಮಂದಿರದ ಭಾರಿ ತೆರೆ, ಮೊಳದಂತರದಲ್ಲಿ ಕುಳಿತು ನೋಡುವ ಕಂಪ್ಯೂಟರಿನ ತೆರೆ, ಕಣ್ಣಿಗೆ ಕಟ್ಟಿಕೊಂಡು ನೋಡುವ ಉಪಕರಣ ಇವುಗಳಲ್ಲಿ ಅವು ಅತ್ಯಂತ ಉಪಯುಕ್ತ. ಇಲ್ಲಿ ಹೇಳತಕ್ಕದ್ದಿಷ್ಟೆ: ಈ ಗುಣವು ದೂರವನ್ನು ಅವಲಂಬಿಸಿದುದು, ಎರಡು ಹೆಜ್ಜೆ ಹಿಂದೆ ಸರಿದರೆ ಮಾಯವಾಗತಕ್ಕದ್ದು.

ಎರಡನೆಯ ಮಾರ್ಗ: ಸೆಕೆಂಡಿಗೆ ಹೆಚ್ಚು ಚಿತ್ರಗಳು

ಗಂಟೆಗೆ 144 ಕಿಲೋಮೀಟರ್ ವೇಗದಲ್ಲಿ ಬೌಲರನ ಕೈಯಿಂದ ಹೊರಟ ಕ್ರಿಕೆಟ್ ಚೆಂಡು ಸೆಕೆಂಡಿಗೆ 40 ಮೀಟರ್ ಸಾಗುವುದು. ಸೆಕೆಂಡಿಗೆ 50 ಚಿತ್ರಗಳನ್ನು ತೆಗೆಯುವಲ್ಲಿ ಒಂದು ಚಿತ್ರದಿಂದ ಮುಂದಿನ ಚಿತ್ರದೊಳಗೆ ಅದು 80 ಸೆಂಟಿಮೀಟರ್ ದಾಟಿರುವುದು. ಚೆಂಡಿನ ವ್ಯಾಸವು ಸುಮಾರು ಏಳು ಸೆಂಟಿಮೀಟರ್ ಮಾತ್ರ. ಕ್ಯಾಮೆರಾದ ಕಿಂಡಿಯು ಆ ಕಾಲವೆಲ್ಲ ತೆರೆದಿದ್ದರೆ ಚೆಂಡು ಉದ್ದನೆಯ ಮಸುಕು ಪಟ್ಟೆಯಾಗಿ ಮೂಡುವುದು. ಸ್ವಲ್ಪ ಕಾಲ ಮಾತ್ರ ತೆರೆದಿದ್ದರೆ ಸ್ಪಷ್ಟವಾಗಿ ಮೂಡಿದರೂ ನೆಗೆನೆಗೆದು ಚಲಿಸಿದಂತೆ ತೋರುವುದು.

ಈ ದೋಷವು ಅತಿ ವೇಗದ ವಸ್ತುಗಳಿಗೆ ಮಾತ್ರ ಸೀಮಿತವಲ್ಲ. ಮೈದಾನದಲ್ಲಿ ಓಡುವ ಆಟಗಾರನೊಬ್ಬನನ್ನು ನಮ್ಮ ಕಣ್ಣು ಸೆಕೆಂಡಿಗೆ 10 ಡಿಗ್ರಿಯಂತೆ ಹಿಂಬಾಲಿಸುತ್ತಿದೆ ಎಂದುಕೊಳ್ಳಿ. ಕಣ್ಣು ಎಡೆಬಿಡದೆ ಸರಿಯುತ್ತಿರುವುದು; ಆದರೆ ಇಂದಿನ ತೆರೆಯು ಒಂದು ಚಿತ್ರವನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಕಾಲ ನಿಶ್ಚಲವಾಗಿ ಹಿಡಿದಿರುವುದು. ಅಷ್ಟರಲ್ಲಿ ಕಣ್ಣು ಡಿಗ್ರಿಯ ಐದರಲ್ಲಿ ಒಂದು ಪಾಲು, ಎಂದರೆ 12 ಮಿನಿಟುಗಳಷ್ಟು ಮುಂದೆ ಹೋಗಿರುವುದು. ಚಿತ್ರವು ಅಕ್ಷಿಪಟದ ಮೇಲೆ ಅಷ್ಟರ ಮಟ್ಟಿಗೆ ಎಳೆದಂತಾಗುವುದು. ಒಂದು ಮಿನಿಟಿನ ಸೂಕ್ಷ್ಮತೆಗಾಗಿ ಬಿಂದುಗಳನ್ನು ನಾಲ್ಕು ಪಾಲು ಹೆಚ್ಚಿಸಿದರೂ, ವಸ್ತುವು ಚಲಿಸಿದ ಕೂಡಲೆ ಆ ಸೂಕ್ಷ್ಮತೆಯೆಲ್ಲ ಹನ್ನೆರಡು ಮಿನಿಟಿನ ಮಸುಕಿನಲ್ಲಿ ಮುಳುಗಿಹೋಗುವುದೆಂಬುದನ್ನು ಗಮನಿಸಬೇಕು. ಚಿತ್ರಗಳ ಸಂಖ್ಯೆಯನ್ನು ಸೆಕೆಂಡಿಗೆ 100ಕ್ಕೆ ಏರಿಸಿದರೆ ಮಸುಕು ಅರ್ಧಕ್ಕೆ ಇಳಿಯುವುದು.

ಬಿಬಿಸಿಯ ಸಂಶೋಧನಾ ವಿಭಾಗವು 2008ರಲ್ಲಿಯೇ ಈ ಅಂಶವನ್ನು ಎತ್ತಿ ತೋರಿಸಿತು. 2012ರಲ್ಲಿ ಹೊರಬಂದ ಬಿಟಿ 2020 ಎಂಬ ಹೊಸ ಶಿಫಾರಸು ಸೆಕೆಂಡಿಗೆ 120 ಚಿತ್ರಗಳವರೆಗೆ ಅವಕಾಶ ಕೊಟ್ಟಿತು. ಆದರೆ ಕಥಾಚಿತ್ರಗಳ ವಿಷಯ ಬೇರೆ. ಮಾತಿನ ಚಿತ್ರಗಳು ಬಂದ ಕಾಲದಿಂದ ಸಿನಿಮಾವು ಸೆಕೆಂಡಿಗೆ 24 ಚಿತ್ರಗಳ ಕ್ರಮಕ್ಕೆ ಒಗ್ಗಿಹೋಗಿದೆ. ಪೀಟರ್ ಜಾಕ್ಸನ್ನರು 2012ರಲ್ಲಿ ‘ದಿ ಹಾಬಿಟ್’ ಮಾಲೆಯ ಮೊದಲ ಚಿತ್ರವನ್ನು 48ರಲ್ಲಿಯೂ, ಆಂಗ್ ಲೀಯವರು 2016ರಲ್ಲಿ ‘ಬಿಲ್ಲಿ ಲಿನ್ಸ್ ಲಾಂಗ್ ಹಾಫ್‌ಟೈಮ್ ವಾಕ್’ ಚಿತ್ರವನ್ನು 120ರಲ್ಲಿಯೂ ತೆಗೆದಾಗ, ಚಲನೆಯು ನಿಚ್ಚಳವಾಗಿದ್ದರೂ ಅನೇಕ ಪ್ರೇಕ್ಷಕರಿಗೆ ಅದು ಸಿನಿಮಾದಂತೆ ತೋರಲಿಲ್ಲ. ಆಟೋಟಗಳಿಗೆ ವರವಾದುದು ಕಥೆಗೆ ವರವಾಗಲೇಬೇಕೆಂದಿಲ್ಲ. ಇಲ್ಲಿ ಗೆದ್ದುದು ಅಭ್ಯಾಸವೇ ಹೊರತು ಭೌತಶಾಸ್ತ್ರವಲ್ಲ.

ಮೂರನೆಯ ಮಾರ್ಗ: ಬೆಳಕಿನ ವ್ಯಾಪ್ತಿ

ತೆರೆಯ ಪ್ರಕಾಶವನ್ನು ಚದರ ಮೀಟರಿಗೆ ಇಷ್ಟು ಕ್ಯಾಂಡೆಲ ಎಂದು ಅಳೆಯುವರು. ಈ ಮಾನಕ್ಕೆ ನಿಟ್ ಎಂಬ ಚಿಕ್ಕ ಹೆಸರೂ ಉಂಟು. ನಡುಹಗಲ ಬಿಸಿಲಿನಲ್ಲಿರುವ ಬಿಳಿಯ ಕಾಗದದ ಪ್ರಕಾಶವು 25,000 ನಿಟ್‌ಗಳನ್ನು ಮೀರುವುದುಂಟು. ಹುಣ್ಣಿಮೆಯ ಬೆಳುದಿಂಗಳಿನಲ್ಲಿ ಅದೇ ಕಾಗದದ ಪ್ರಕಾಶವು ಒಂದು ನಿಟ್‌ನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಎರಡನ್ನೂ ನಮ್ಮ ಕಣ್ಣು ಹೊಂದಿಕೊಂಡು ನೋಡಬಲ್ಲುದು. ಆದರೆ ಎಚ್‌ಡಿ ಚಿತ್ರವನ್ನು ಸ್ಟುಡಿಯೋದಲ್ಲಿ ಸಿದ್ಧಗೊಳಿಸುವಾಗ ಶುಭ್ರವಾದ ಬಿಳುಪಿಗೆ ಗೊತ್ತುಮಾಡಿದ ಪ್ರಕಾಶವು ಕೇವಲ 100 ನಿಟ್. ಸೂರ್ಯನೂ ದೀಪದ ಕುಡಿಯೂ ಬಿಳಿಯ ಅಂಗಿಯೂ ಈ ಒಂದೇ ಎಲ್ಲೆಯೊಳಗೆ ತುರುಕಲ್ಪಡುವುವು. ಮಧ್ಯಾಹ್ನದ ಪಂದ್ಯದಲ್ಲಿ ಮೈದಾನದ ಅರ್ಧಕ್ಕೆ ನೆರಳು ಬಿದ್ದಾಗ ಈ ಕೊರತೆಯನ್ನು ಎಲ್ಲರೂ ಕಂಡಿರುವರು: ಬಿಸಿಲಿನ ಭಾಗವು ಸರಿಯಾಗಿದ್ದರೆ ನೆರಳಿನ ಆಟಗಾರರು ಕಪ್ಪಾಗುವರು, ನೆರಳನ್ನು ಬೆಳಗಿಸಿದರೆ ಬಿಸಿಲಿನ ಭಾಗವೆಲ್ಲ ಬಿಳುಚಿಹೋಗುವುದು.

ಈ ವ್ಯಾಪ್ತಿಯನ್ನು ಹಿಗ್ಗಿಸುವ ಕ್ರಮಕ್ಕೆ ಎಚ್‌ಡಿಆರ್ ಎಂದು ಹೆಸರು. ಇದು ತೆರೆಯ ದೀಪವನ್ನು ಜೋರುಮಾಡಿದಷ್ಟರಿಂದ ಆಗತಕ್ಕದ್ದಲ್ಲ. ಪ್ರಕಾಶದಲ್ಲಿ ಸ್ಥೂಲವಾಗಿ ಶೇಕಡ ಎರಡರಷ್ಟು ವ್ಯತ್ಯಾಸವಾದರೆ ಕಣ್ಣು ಅದನ್ನು ಗುರುತಿಸಬಲ್ಲುದೆಂದು ಇಟ್ಟುಕೊಳ್ಳೋಣ. 0.05 ನಿಟ್‌ನ ಕಪ್ಪಿನಿಂದ 1,000 ನಿಟ್‌ನ ಬಿಳುಪಿನವರೆಗೆ 20,000 ಪಾಲಿನ ಅಂತರವಿದೆ. ಶೇಕಡ ಎರಡರಂತೆ ಏರುತ್ತ ಹೋದರೆ ಈ ಅಂತರವನ್ನು ಕ್ರಮಿಸಲು ಎಷ್ಟು ಮೆಟ್ಟಿಲುಗಳು ಬೇಕು? ಲಾಗರಿತಮ್ ಕೋಷ್ಟಕವನ್ನು ಬಲ್ಲ ವಿದ್ಯಾರ್ಥಿಗಳು ಲೆಕ್ಕಮಾಡಿದರೆ 500 ಎಂಬ ಉತ್ತರವು ದೊರೆಯುವುದು. ಮನೆಗೆ ಬರುವ ಸಾಮಾನ್ಯ ಎಚ್‌ಡಿ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ 8 ಬಿಟ್‌ಗಳು, ಎಂದರೆ ಹೆಚ್ಚೆಂದರೆ 256 ಮೆಟ್ಟಿಲುಗಳು ಮಾತ್ರ. ಅಷ್ಟರಲ್ಲಿಯೇ ವ್ಯಾಪ್ತಿಯನ್ನು ಹಿಗ್ಗಿಸಿದರೆ ಮೆಟ್ಟಿಲುಗಳು ಎತ್ತರವಾಗಿ, ಸಂಜೆಯ ಆಕಾಶದಂತಹ ನುಣುಪಾದ ಭಾಗಗಳಲ್ಲಿ ಪಟ್ಟೆಪಟ್ಟೆಯಾಗಿ ಕಾಣುವುವು. 10 ಬಿಟ್‌ಗಳಿಗೆ ಏರಿಸಿದರೆ 1,024 ಮೆಟ್ಟಿಲುಗಳಾಗುವುವು, ತೊಂದರೆಯು ನೀಗುವುದು.

ಮೆಟ್ಟಿಲುಗಳನ್ನು ಹಂಚುವ ರೀತಿಯೂ ಬದಲಾಗಬೇಕಾಯಿತು. ಡಾಲ್ಬಿ ಸಂಸ್ಥೆಯವರು ಕಣ್ಣಿನ ಸಂವೇದನೆಯನ್ನೇ ಆಧಾರವಾಗಿಟ್ಟುಕೊಂಡು 10,000 ನಿಟ್‌ಗಳವರೆಗೆ ಸಾಗುವ ಪಿಕ್ಯು ಎಂಬ ವಕ್ರರೇಖೆಯನ್ನು ರಚಿಸಿದರು. 2014ರಲ್ಲಿ ಅದು ಪ್ರಮಾಣವಾಗಿ ಪ್ರಕಟವಾಯಿತು. ಬಿಬಿಸಿ ಮತ್ತು ಎನ್‌ಎಚ್‌ಕೆ ಸೇರಿ, ಹಳೆಯ ಪೆಟ್ಟಿಗೆಗಳಲ್ಲಿಯೂ ಒಂದು ಮಟ್ಟಿಗೆ ಸರಿಯಾಗಿ ಕಾಣಬಲ್ಲ ಎಚ್‌ಎಲ್‌ಜಿ ಎಂಬ ಇನ್ನೊಂದು ಕ್ರಮವನ್ನು ರೂಪಿಸಿದವು. 2016ರ ಬಿಟಿ 2100 ಎಂಬ ಶಿಫಾರಸಿನಲ್ಲಿ ಎರಡಕ್ಕೂ ಸ್ಥಾನ ದೊರೆಯಿತು.

ಒಂದು ಎಚ್ಚರಿಕೆಯ ಮಾತು ಇಲ್ಲಿ ಅಗತ್ಯ. ಚೀಟಿಯಲ್ಲಿ ಎಚ್‌ಡಿಆರ್ ಎಂದಿದ್ದ ಮಾತ್ರಕ್ಕೆ ತೆರೆಗೆ ಆ ಬೆಳಕನ್ನು ಕೊಡುವ ಶಕ್ತಿಯಿದೆಯೆಂದು ಅರ್ಥವಲ್ಲ. ಸಂಕೇತವನ್ನು ಓದಬಲ್ಲುದೆಂದು ಮಾತ್ರ ಅರ್ಥವಿರಬಹುದು. ತಯಾರಕರ ಒಕ್ಕೂಟವೊಂದು 2016ರಲ್ಲಿ ಉತ್ತಮ ದರ್ಜೆಯ ಪೆಟ್ಟಿಗೆಗೆ ಗೊತ್ತುಪಡಿಸಿದ ಅಳತೆಯು ಹೀಗಿದೆ: ಕನಿಷ್ಠ 1,000 ನಿಟ್ ಬಿಳುಪು ಮತ್ತು 0.05ಕ್ಕೆ ಮೀರದ ಕಪ್ಪು. ಇಲ್ಲವೆ ಕನಿಷ್ಠ 540 ನಿಟ್ ಬಿಳುಪು ಮತ್ತು 0.0005ಕ್ಕೆ ಮೀರದ ಕಪ್ಪು. ಬೆಳಕಿನಷ್ಟೇ ಕತ್ತಲೆಯೂ ಮುಖ್ಯವೆಂಬುದು ಇದರಿಂದ ತಿಳಿಯುವುದು.

ಈ ಮಾರ್ಗದ ಹೆಚ್ಚುಗಾರಿಕೆಯೆಂದರೆ ಇದು ದೂರವನ್ನು ಅವಲಂಬಿಸಿದುದಲ್ಲ. ಕೊಠಡಿಯ ಯಾವ ಮೂಲೆಯಲ್ಲಿ ಕುಳಿತರೂ ನೀರಿನ ಮೇಲಿನ ಹೊಳಪು ಹೊಳಪಾಗಿಯೇ ಕಾಣುವುದು.

ನಾಲ್ಕನೆಯ ಮಾರ್ಗ: ಬಣ್ಣಗಳ ಹರವು

ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಬೆರೆಸಿ ತೆರೆಯು ಇತರ ಬಣ್ಣಗಳನ್ನು ಉಂಟುಮಾಡುವುದು. ಕಣ್ಣು ಕಾಣಬಲ್ಲ ವರ್ಣಗಳನ್ನೆಲ್ಲ ಒಂದು ನಕ್ಷೆಯ ಮೇಲೆ ಗುರುತಿಸುವ ಕ್ರಮವು 1931ರಲ್ಲಿ ಬಳಕೆಗೆ ಬಂದಿತು. ಆ ನಕ್ಷೆಯಲ್ಲಿ ಮೂರು ಮೂಲಬೆಳಕುಗಳನ್ನು ಮೂರು ಬಿಂದುಗಳಾಗಿ ಗುರುತಿಸಿದರೆ ಒಂದು ತ್ರಿಕೋನವಾಗುವುದು. ತೆರೆಯು ತೋರಬಲ್ಲ ಬಣ್ಣಗಳೆಲ್ಲ ಆ ತ್ರಿಕೋನದ ಒಳಗಿರುವುವು. ಎಚ್‌ಡಿಯ ತ್ರಿಕೋನವು ನಕ್ಷೆಯ ಶೇಕಡ 35.9 ಭಾಗವನ್ನು ಮಾತ್ರ ಆವರಿಸುವುದು. ಡಿಜಿಟಲ್ ಸಿನಿಮಾದ ತ್ರಿಕೋನವು ಶೇಕಡ 53.6ನ್ನೂ, ಬಿಟಿ 2020ರ ತ್ರಿಕೋನವು ಶೇಕಡ 75.8ನ್ನೂ ಆವರಿಸುವುವು. ತೀವ್ರವಾದ ಹಸಿರು ಮತ್ತು ಹಸಿರುನೀಲಿಗಳಲ್ಲಿ ಎಚ್‌ಡಿಯ ಬಡತನವು ಹೆಚ್ಚು.

ತ್ರಿಕೋನವು ದೊಡ್ಡದಾಗಬೇಕಾದರೆ ಮೂಲಬೆಳಕುಗಳು ಶುದ್ಧವಾಗಿರಬೇಕು. ಬಿಟಿ 2020ರ ಮೂಲಬೆಳಕುಗಳು 630, 532 ಮತ್ತು 467 ನ್ಯಾನೊಮೀಟರ್ ತರಂಗಾಂತರದ ಏಕವರ್ಣದ ಬೆಳಕುಗಳು. ಇವುಗಳನ್ನು ಪೂರ್ಣವಾಗಿ ಪಡೆಯಲು ಲೇಸರುಗಳು ಬೇಕಾಗುವುವು. ಮನೆಯ ಪೆಟ್ಟಿಗೆಗಳಲ್ಲಿ ಇದರ ಸಮೀಪಕ್ಕೆ ಒಯ್ಯುವ ಒಂದು ಸಾಧನವೆಂದರೆ ಕ್ವಾಂಟಮ್ ಡಾಟ್‌ಗಳು. ಕೆಲವೇ ನ್ಯಾನೊಮೀಟರ್ ಗಾತ್ರದ ಈ ಹರಳುಗಳು ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಶುದ್ಧ ಬಣ್ಣಗಳನ್ನು ಸೂಸುವುವು. ಇವುಗಳ ಶೋಧಕ್ಕಾಗಿ ಮೌಂಗಿ ಬವೆಂಡಿ, ಲೂಯಿಸ್ ಬ್ರೂಸ್ ಮತ್ತು ಅಲೆಕ್ಸಿ ಎಕಿಮೋವ್ ಅವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಯಾವುದಕ್ಕೆ ಎಷ್ಟು ವೆಚ್ಚ?

ಈಗ ಈ ಮಾರ್ಗಗಳನ್ನು ತಕ್ಕಡಿಯಲ್ಲಿಟ್ಟು ತೂಗೋಣ. ತೂಕದ ಬಟ್ಟು ಬಿಟ್ ಎಂದಿರಲಿ. ಒಂದು ಬಿಂದುವಿಗೆ ಮೂರು ಬಣ್ಣಗಳಿಂದ 24 ಬಿಟ್, ಸೆಕೆಂಡಿಗೆ 50 ಚಿತ್ರ ಎಂದು ಲೆಕ್ಕ ಹಿಡಿದರೆ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 249 ಕೋಟಿ ಬಿಟ್‌ಗಳು ಬೇಕು. 4ಕೆಗೆ ಅದರ ನಾಲ್ಕರಷ್ಟು, 995 ಕೋಟಿ. 8ಕೆಗೆ ಹದಿನಾರರಷ್ಟು, 3,981 ಕೋಟಿ. ಎಚ್‌ಡಿಯಲ್ಲಿಯೇ ಸೆಕೆಂಡಿಗೆ 100 ಚಿತ್ರಗಳನ್ನಿರಿಸಿದರೆ ಎರಡರಷ್ಟು, 498 ಕೋಟಿ. ಬೆಳಕಿನ ವ್ಯಾಪ್ತಿ, ಬಣ್ಣಗಳ ಹರವು ಎರಡನ್ನೂ ಹಿಗ್ಗಿಸಲು 8 ಬಿಟ್‌ನ ಬದಲು 10 ಬಿಟ್ ಬಳಸಿದರೆ ಒಂದೂಕಾಲರಷ್ಟು ಮಾತ್ರ, 311 ಕೋಟಿ. ಇನ್ನೂ ಮುಂದೆ ಹೋಗಿ, ಎಚ್‌ಡಿ ಬಿಂದುಗಳನ್ನು ಹಾಗೆಯೇ ಉಳಿಸಿಕೊಂಡು ಬೆಳಕು, ಬಣ್ಣ, ಚಲನೆ ಮೂರನ್ನೂ ಸುಧಾರಿಸಿದರೂ 622 ಕೋಟಿ. ಬಿಂದುಗಳನ್ನು ಮಾತ್ರ ಹೆಚ್ಚಿಸಿದ 4ಕೆಯ ವೆಚ್ಚಕ್ಕಿಂತ ಇದು ಕಡಿಮೆ.

ಈ ಪ್ರವಾಹವನ್ನು ಹಾಗೆಯೇ ಮನೆಗಳಿಗೆ ಹರಿಸಲಾಗದು, ಅಡಕಗೊಳಿಸಿಯೇ ಕಳುಹಿಸುವರು. 2003ರಲ್ಲಿ ಬಂದ ಎಚ್ 264 ಕ್ರಮಕ್ಕಿಂತ 2013ರ ಎಚ್‌ಇವಿಸಿ ಕ್ರಮವು ಸುಮಾರು ಅರ್ಧದಷ್ಟು ಬಿಟ್‌ಗಳಲ್ಲಿ ಅದೇ ಗುಣವನ್ನು ಕೊಡಬಲ್ಲುದು. 2020ರ ವಿವಿಸಿ ಕ್ರಮವು ಇನ್ನೂ ಮುಂದಿನದು. ಅಡಕಗೊಳಿಸಿದ ಮೇಲೆ ಮೇಲಿನ ಅನುಪಾತಗಳು ಹಾಗೆಯೇ ಉಳಿಯವು. ಏಕೆಂದರೆ ಅಕ್ಕಪಕ್ಕದ ಬಿಂದುಗಳಲ್ಲಿಯೂ ಹಿಂದುಮುಂದಿನ ಚಿತ್ರಗಳಲ್ಲಿಯೂ ಹೋಲಿಕೆಯು ಹೆಚ್ಚು. ಆದರೂ ಸಾಲದ ಬಿಟ್‌ಗಳಲ್ಲಿ ತುರುಕಿದ 4ಕೆ ಚಿತ್ರವು ಚೌಕಚೌಕವಾಗಿ ಒಡೆದು, ಬೇಕಾದಷ್ಟು ಬಿಟ್‌ಗಳನ್ನು ಪಡೆದ ಎಚ್‌ಡಿ ಚಿತ್ರಕ್ಕಿಂತ ಕೀಳಾಗಿ ಕಾಣುವುದುಂಟು. ಅಂತರ್ಜಾಲದ ಸಂಪರ್ಕವು ನಿಧಾನವಾಗಿರುವೆಡೆಗಳಲ್ಲಿ ಇದು ನಿತ್ಯದ ಅನುಭವ.

ಯೂರೋಪಿನ ಪ್ರಸಾರ ಪ್ರಮಾಣಗಳ ಚರಿತ್ರೆಯಲ್ಲಿಯೂ ಈ ತಿಳಿವಳಿಕೆಯ ಗುರುತು ಕಾಣುವುದು. ಅಲ್ಲಿನ ಡಿವಿಬಿ ಕೂಟವು 2014ರಲ್ಲಿ ಒಪ್ಪಿದ ಮೊದಲ ಘಟ್ಟದಲ್ಲಿ ಮುಖ್ಯವಾಗಿ ಬಿಂದುಗಳನ್ನು ಹೆಚ್ಚಿಸಿತು. 2016ರ ಎರಡನೆಯ ಘಟ್ಟದಲ್ಲಿ ಬೆಳಕಿನ ವ್ಯಾಪ್ತಿಯನ್ನೂ ಸೆಕೆಂಡಿನ ಚಿತ್ರಗಳ ಸಂಖ್ಯೆಯನ್ನೂ ಹಿಗ್ಗಿಸಲು ಏರ್ಪಾಡು ಮಾಡಿತು.

ಪೆಟ್ಟಿಗೆಯೇ ಚಿತ್ರವನ್ನು ತಿದ್ದಬಲ್ಲುದೆ?

ಎಚ್‌ಡಿ ಚಿತ್ರವನ್ನು 4ಕೆಗೆ ಹಿಗ್ಗಿಸುವ, ಎರಡು ಚಿತ್ರಗಳ ನಡುವೆ ಮೂರನೆಯದನ್ನು ಕಲ್ಪಿಸಿ ಸೇರಿಸುವ ಯಂತ್ರಬುದ್ಧಿಯು ಇಂದಿನ ಪೆಟ್ಟಿಗೆಗಳಲ್ಲಿರುವುದು. ಲಕ್ಷಾಂತರ ಚಿತ್ರಗಳಿಂದ ಕಲಿತ ಇಂತಹ ಯಂತ್ರವು ಅಂಚುಗಳನ್ನು ಚೂಪುಗೊಳಿಸಿ ಕಣ್ಣಿಗೆ ಹಿತವನ್ನುಂಟುಮಾಡಬಲ್ಲುದು. ಆದರೆ ಕ್ಯಾಮೆರಾವು ದಾಖಲಿಸದ ವಿವರವನ್ನು ಯಾವ ಯಂತ್ರವೂ ಮರಳಿ ತರಲಾರದು. ಅದು ಮಾಡತಕ್ಕದ್ದು ಊಹೆ. ದೂರದ ಫಲಕದ ಮಸುಕಾದ ಅಕ್ಷರವನ್ನು ಅದು ಅಂದವಾಗಿ ತಿದ್ದಿ ತೋರಿಸಬಹುದು. ಅದು ನಿಜವಾಗಿ ಅಲ್ಲಿದ್ದ ಅಕ್ಷರವೇ ಎಂಬುದಕ್ಕೆ ಹೊಣೆಯಿಲ್ಲ.

ಒಟ್ಟಿನ ನಿರ್ಣಯ

ಹೀಗೆ ನೋಡಿದಾಗ, ಸಾಮಾನ್ಯವಾದ ಕೊಠಡಿಯಲ್ಲಿ ಸಾಮಾನ್ಯ ಗಾತ್ರದ ತೆರೆಯ ಮುಂದೆ ಕುಳಿತ ಪ್ರೇಕ್ಷಕನಿಗೆ ಅತಿ ಕಡಿಮೆ ವೆಚ್ಚದಲ್ಲಿ ಅತಿ ಹೆಚ್ಚು ಪ್ರಯೋಜನವಾಗುವುದು ಬೆಳಕಿನ ವ್ಯಾಪ್ತಿಯಿಂದ ಮತ್ತು ಅದರೊಡನೆ ಬರುವ ಬಣ್ಣಗಳ ಹರವಿನಿಂದ. ಆಟೋಟಗಳಲ್ಲಿ ಅದರ ಜೊತೆಗೆ ಸೆಕೆಂಡಿನ ಚಿತ್ರಗಳ ಸಂಖ್ಯೆಯಿಂದ. ಬಿಂದುಗಳ ಸಂಖ್ಯೆಯಿಂದ ಪ್ರಯೋಜನವಾಗುವುದು ತೆರೆಯು ದೊಡ್ಡದಾದಾಗ ಅಥವಾ ನಾವು ಹತ್ತಿರವಾದಾಗ ಮಾತ್ರ. ಚೀಟಿಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿರುವುದು ಈ ಕಡೆಯ ಸಂಖ್ಯೆಯೇ ಆಗಿರುವುದು ವಿಚಿತ್ರ. ಎಣಿಸಲು ಸುಲಭವಾದುದನ್ನು ಮಾರುವುದೂ ಸುಲಭವೆಂಬುದು ಅದಕ್ಕೆ ಕಾರಣವಿರಬಹುದು.

ಆದುದರಿಂದ ಹೊಸ ಪೆಟ್ಟಿಗೆಯನ್ನು ಕೊಳ್ಳಹೊರಡುವ ಮುನ್ನ ಮನೆಯಲ್ಲಿ ಕುರ್ಚಿಯಿಂದ ಗೋಡೆಗೆ ಇರುವ ದೂರವನ್ನು ಅಳೆಯುವುದು ಒಳ್ಳೆಯದು. ಆ ದೂರವನ್ನು 3.2ರಿಂದ ಭಾಗಿಸಿದರೆ ಎಷ್ಟು ಎತ್ತರದ ತೆರೆಯವರೆಗೆ ಎಚ್‌ಡಿಯೇ ಸಾಕೆಂಬುದು ತಿಳಿಯುವುದು. ಅನಂತರ ಅಂಗಡಿಯಲ್ಲಿ ಕೇಳತಕ್ಕ ಪ್ರಶ್ನೆಗಳು ಮೂರು: ಈ ತೆರೆಯ ಬಿಳುಪು ಎಷ್ಟು ನಿಟ್? ಕಪ್ಪು ಎಷ್ಟು ಕಪ್ಪು? ಒಂದು ಬಣ್ಣಕ್ಕೆ ಎಷ್ಟು ಬಿಟ್? ಇವುಗಳಿಗೆ ಉತ್ತರ ದೊರೆತರೆ ಬಿಂದುಗಳ ಲೆಕ್ಕವನ್ನು ಕಡೆಗೆ ನೋಡಿಕೊಳ್ಳಬಹುದು.